ಗಿರಿಜಕ್ಕನ ಬಾವಿಗೆ ಬಂದ ಸರ್ಕಾರ

ಬೆಲ್ಲದ ತುಂಡು ಬಾಯಲ್ಲಿ ಕರಗುವ ಮೊದಲೇ ನೀರು ಕುಡಿಯಬೇಕೋ, ಕರಗಿದ ಮೇಲೆ ಕುಡಿಯಬೇಕೋ, ನನಗೆ ಇವತ್ತಿಗೂ ಗೊತ್ತಿಲ್ಲ. ಕಳೆದ ತಿಂಗಳು ಮನೆಯವರ ಜೊತೆ ಕೊಲ್ಲೂರಿಗೆ ಹೊರಟವಳು, ದಾರಿಯಲ್ಲಿ ಕಿರಿಮಂಜೇಶ್ವರದಲ್ಲಿ ಒಂದು ಗಳಿಗೆ ಇಳಿಯಲೇಬೇಕೆಂದು ಹಠ ಹಿಡಿದೆ. ಹೆದ್ದಾರಿ ದಾಟಿ ಕಡಲ ಕಡೆಗಿನ ಓಣಿಗೆ ಇಳಿದರೆ ಗಿರಿಜಕ್ಕ ಅಂಗಳದಲ್ಲೇ ಸಿಕ್ಕರು. ನನ್ನ ಮುಖ ನೋಡಿದವರು ಹೇಗಿದ್ದೀರಿ ಎಂದೂ ಕೇಳಲಿಲ್ಲ, ಸೀದಾ ಹೋಗಿ ಬಾವಿಗೆ ಕೊಡಪಾನ ಇಳಿಸಿದರು. ತಟ್ಟೆಯಲ್ಲಿ ಬೆಲ್ಲ, ಲೋಟದಲ್ಲಿ ಆಗತಾನೇ ಸೇದಿದ ನೀರು. ಲೋಟವನ್ನು ಬಾಯಿಯ ಹತ್ತಿರ ತಂದಾಗ ಒದ್ದೆ ಮರಳಿನ ವಾಸನೆ, ಅದರಡಿಯಲ್ಲಿ ಎಲ್ಲೋ ನೆಲ್ಲಿಯ ಒಗರು. ಅಷ್ಟೇ ಸಾಕಾಯಿತು, ನಾನು ಕೆಲಸಕ್ಕೆ ಸೇರಿದ ಮೊದಲ ವರ್ಷ ಇಡಿಯಾಗಿ ಎದ್ದು ಬಂದು ಎದುರಿಗೆ ಕೂತುಬಿಟ್ಟಿತು.

ನಾನು ರೋಣದ ಕಡೆಯವಳು. ನಮ್ಮೂರಲ್ಲಿ ನೀರಿನ ಟ್ಯಾಂಕರ್ ಬಂತೆಂದರೆ ಮದುವೆ ದಿಬ್ಬಣ ಬಂದ ಹಾಗೆ, ಓಣಿಗೆ ಓಣಿಯೇ ಹೊರಗೆ ಬಂದು ನಿಲ್ಲುತ್ತದೆ. ಕನ್ನಡ ಟೀಚರ್ ಆಗಿ ಬೈಂದೂರು ತಾಲ್ಲೂಕಿನ ಈ ಊರಿಗೆ ಬಂದಾಗ ಮುಂಗಾರು ಆಗಲೇ ಹಿಡಿದಿತ್ತು. ಗಿರಿಜಕ್ಕನ ಮನೆಯ ಪಕ್ಕದ ಕೋಣೆ ಬಾಡಿಗೆಗೆ ಸಿಕ್ಕಿತು. ಮೊದಲ ದಿನ ಸಂಜೆ ಕೈಕಾಲು ತೊಳೆಯಲೆಂದು ಬಾವಿಕಟ್ಟೆಗೆ ಹೋದವಳು ಬಗ್ಗಿ ನೋಡಿ ಬೆಚ್ಚಿದೆ. ನೀರು ಅಲ್ಲೇ, ಬಗ್ಗಿದರೆ ಕೈಗೆ ತಾಗುವಷ್ಟು ಮೇಲೆ ನಿಂತಿತ್ತು. ತೆಂಗಿನ ಮರಗಳ ಆಚೆ ಕಡಲು ಅಬ್ಬರಿಸುತ್ತಿದೆ, ಈಚೆ ಇಷ್ಟು ಹತ್ತಿರ ಸಿಹಿನೀರು ಸದ್ದಿಲ್ಲದೆ ತುಂಬಿಕೊಂಡಿದೆ. ಇದು ಹೇಗೆ ಸಾಧ್ಯ ಎಂದು ನಾನು ಎಷ್ಟೋ ಹೊತ್ತು ಅಲ್ಲೇ ನಿಂತಿದ್ದೆ. ಗಿರಿಜಕ್ಕ ಒಳಗಿನಿಂದ, "ಹ್ವಾಯ್ ಟೀಚರ್ರೆ, ಬಾವಿ ಕಾಂಬುಕೆ ಬಂದದ್ದಾ, ಮಕ್ಳಿಗೆ ಪಾಠ ಮಾಡುಕೆ ಬಂದದ್ದಾ?" ಎಂದು ಕೂಗಿದರು.

ಗಿರಿಜಕ್ಕ ಮೀನು ಮಾರುವವರು. ಬೆಳಗಾಗುತ್ತಲೇ ಬುಟ್ಟಿ ಹೊತ್ತು ಹೊರಟರೆ ಮಧ್ಯಾಹ್ನ ಬರುವವರು. ಗಂಡ ಶೀನಣ್ಣ ನಾಡದೋಣಿಯಲ್ಲಿ ಹೋಗುವವರು, ಕಡಲು ಕೆರಳಿದ ದಿನ ಜಗಲಿಯಲ್ಲಿ ಬಲೆ ರಿಪೇರಿ ಮಾಡುತ್ತ ಕೂರುವವರು. ಮಾತು ಕಡಿಮೆ. ಅವರಿಗೆ ಮಾತು ಬರುತ್ತದೆ ಎಂದು ಗೊತ್ತಾಗುತ್ತಿದ್ದುದು ಬಾವಿಯ ವಿಷಯ ಬಂದಾಗ ಮಾತ್ರ. ಆ ಕೇರಿಯಲ್ಲಿ ಬಾವಿ ಇಲ್ಲದ ಮನೆಯಿಲ್ಲ, ಆದರೆ ಸೆಖೆಗಾಲ ಬಂತೆಂದರೆ ಒಂದೊಂದೇ ಬಾವಿ ಉಪ್ಪಾಗುತ್ತದೆ. ಗಿರಿಜಕ್ಕನ ಬಾವಿ ಮಾತ್ರ ಆಗುವುದಿಲ್ಲ. ಹಾಗಾಗಿ ಕುಡಿಯುವ ನೀರಿಗೆ ಇಡೀ ಕೇರಿ ವರ್ಷವಿಡೀ ಇಲ್ಲಿಗೇ ಬರುವುದು ರೂಢಿ. ಮದುವೆಯಾದ ವರ್ಷ ಬಾವಿ ತೋಡಿಸಿದ ಶೀನಣ್ಣ ತಳಕ್ಕೆ ನೆಲ್ಲಿ ಮರದ ಹಲಗೆ ಹಾಸಿದ್ದರಂತೆ. ನೆಲ್ಲಿ ಇದ್ದ ಬಾವಿಯ ನೀರು ಸಿಹಿ, ಕೆಡುವುದಿಲ್ಲ ಎಂಬುದು ಇಲ್ಲಿಯವರ ನಂಬಿಕೆ. "ನೆಲ್ಲಿ ನೀರಂಗೆ ಸಾಯೂದಿಲ್ಲ ಟೀಚರ್ರೆ, ಗಟ್ಟಿ ಆತ್ತ್" ಎಂದು, ನೀರೊಳಗೆ ನೆಲ್ಲಿ ಕೊಳೆಯದೆ ಗಟ್ಟಿಯಾಗುವ ಸಂಗತಿಯನ್ನು ಅವರು ಹೇಳುವಾಗ ಮುಖದಲ್ಲೊಂದು ಬೆಳಕು.

ನನ್ನನ್ನು ಬೆಳಿಗ್ಗೆ ಎಬ್ಬಿಸುತ್ತಿದ್ದುದು ಆ ಬಾವಿಯ ರಾಟೆ. ಎಣ್ಣೆ ಕಾಣದ ರಾಟೆಯ ಕಿರ್ರ್ ಸದ್ದು, ಹೆಂಗಸರ ಮಾತು, ನಗು. ಎಲ್ಲರಿಗಿಂತ ಮೊದಲು ಬರುವವಳು ಪಕ್ಕದ ಮನೆಯ ರತ್ನ. ಬಂದವಳು ಒಂದು ತಕರಾರಿಲ್ಲದೆ ಹೋದದ್ದೇ ಇಲ್ಲ. ಹಗ್ಗ ಸವೆದಿದೆ, ಕಟ್ಟೆ ಜಾರುತ್ತದೆ, ರಾಟೆಗೆ ಎಣ್ಣೆ ಬಿಡಬಾರದಾ, ಹೀಗೆ. ಗಿರಿಜಕ್ಕ ಒಳಗಿನಿಂದಲೇ ಉತ್ತರ ಕೊಡುತ್ತಿದ್ದರು. ಇಬ್ಬರೂ ಜಗಳವಾಡುತ್ತಿದ್ದಾರೆ ಎಂದು ನಾನು ಮೊದಲ ವಾರ ಹೆದರಿದ್ದೆ. ಆಮೇಲೆ ತಿಳಿಯಿತು, ಅದು ಅವರ ನಮಸ್ಕಾರ.

ಆಷಾಢದ ಮಳೆ ಹೊಯ್ಯುತ್ತಿದ್ದ ಒಂದು ದಿನ ಓಣಿಗೆ ಮೈಕು ಕಟ್ಟಿದ ಆಟೋ ಬಂತು. "ನಿಮ್ಮ ಬಾವಿಯ ನೀರು ಕುಡಿಯಲು ಯೋಗ್ಯವೇ? ನಿಮ್ಮ ಮಕ್ಕಳ ಆರೋಗ್ಯ ನಿಮ್ಮ ಕೈಯಲ್ಲಿ. ಉಚಿತ ಪರೀಕ್ಷೆ, ಉಚಿತ ಪರೀಕ್ಷೆ." ನೀರು ಶುದ್ಧ ಮಾಡುವ ಯಂತ್ರ ಮಾರುವ ಕಂಪನಿಯೊಂದರದ್ದು. ಟೈ ಕಟ್ಟಿಕೊಂಡ ಒಬ್ಬ ಯುವಕ ಇಳಿದ, ಕೋಟೇಶ್ವರದ ಕಡೆಯವನಂತೆ. ಜನ ಹೆಚ್ಚು ಸೇರುವ ಮನೆ ಯಾವುದೆಂದು ಕೇಳಿ ತಿಳಿದುಕೊಂಡು ನಮ್ಮ ಜಗಲಿಗೇ ಬಂದ. ಗಿರಿಜಕ್ಕ ಅವನಿಗೆ ಬೆಲ್ಲ ನೀರು ಕೊಟ್ಟರು. ಅವನು ಅದನ್ನು ಕುಡಿಯದೆ ಬದಿಗಿಟ್ಟು, ಬ್ಯಾಗಿನಿಂದ ಗಾಜಿನ ಲೋಟಗಳನ್ನೂ ಕಬ್ಬಿಣದ ಕಡ್ಡಿಗಳಿದ್ದ ಒಂದು ಪುಟ್ಟ ಯಂತ್ರವನ್ನೂ ತೆಗೆದ. ಒಂದು ಲೋಟಕ್ಕೆ ಗಿರಿಜಕ್ಕನ ಬಾವಿಯ ನೀರು, ಇನ್ನೊಂದಕ್ಕೆ ಅವನೇ ತಂದ, ಅವರ ಕಂಪನಿಯ ಯಂತ್ರದಲ್ಲಿ ಸೋಸಿದ ನೀರು. ಎರಡಕ್ಕೂ ಕಡ್ಡಿ ಇಳಿಬಿಟ್ಟು ಪ್ಲಗ್ ಹಾಕಿದ.

ಅವನ ನೀರು ಹಾಗೇ ತಿಳಿಯಾಗಿ ಉಳಿಯಿತು. ನಮ್ಮ ಬಾವಿಯ ನೀರು ನೋಡನೋಡುತ್ತಿದ್ದಂತೆ ಹಳದಿಯಾಯಿತು, ಕಂದಾಯಿತು, ಕೊನೆಗೆ ಚರಂಡಿಯ ನೀರಿನಂತೆ ಕರಿಹಸಿರು ಗಸಿ ಮೇಲೆದ್ದು ತೇಲಿತು. ನಾವೆಲ್ಲ ಬಾಯಿ ಬಿಟ್ಟುಕೊಂಡು ನೋಡಿದೆವು. ಇದೇ ನೀರನ್ನಲ್ಲವೇ ನಾನು ಬೆಳಿಗ್ಗೆ ಕುಡಿದದ್ದು?

"ಬಾವಿಯ ಒಳಗೆ ಏನಾದರೂ ಇದೆಯಾ?" ಎಂದ ಅವನು. ಯಾವ ಮನೆಯಲ್ಲೂ ಕೇಳುವ ಮಾಮೂಲಿ ಪ್ರಶ್ನೆ ಇರಬೇಕು.

"ನೆಲ್ಲಿ ಹಲ್ಗಿ ಇತ್ತಲೆ ಅಡಿಯಂಗೆ" ಎಂದಳು ನೀರಿಗೆ ಬಂದಿದ್ದ ರತ್ನ.

ಅವನಿಗೆ ನೆಲ್ಲಿ ಹಲಗೆಯ ಸಂಗತಿ ಗೊತ್ತಿರಲಿಲ್ಲ. ಒಂದು ಕ್ಷಣ ತಬ್ಬಿಬ್ಬಾಗಿ, ಆಮೇಲೆ ಗಪ್ಪನೆ ಹಿಡಿದುಕೊಂಡ. "ಹಾಂ, ಅದೇ! ಕೊಳೆತ ಮರ. ಇಷ್ಟು ವರ್ಷ ನೀವು ಕುಡಿದದ್ದು ಕೊಳೆತ ಮರದ ರಸ." ಅವನ ಸುಳ್ಳಿಗೆ ಬೇಕಾದ ಅರ್ಧ ಭಾಗವನ್ನು ನಾವೇ ಕೈಯಾರೆ ಕೊಟ್ಟಿದ್ದೆವು. ಬೇರೆ ಊರಿನವರಾಗಿದ್ದರೆ ಕಾರಣ ಗೊತ್ತಾಗದೆ ಅನುಮಾನವಾದರೂ ಪಡುತ್ತಿದ್ದರೇನೋ. ಇಲ್ಲಿಯವರಿಗೆ ಕಾರಣ ಸಿಕ್ಕಿಬಿಟ್ಟಿತು, ಅದೂ ತಮ್ಮ ಮನೆಯದೇ.

ನಾನು ಬರುವ ಮುಂಚಿನ ಬೇಸಿಗೆಯಲ್ಲಿ ರತ್ನಳ ಮಗಳಿಗೆ ಕಾಮಾಲೆಯಾಗಿ, ಮಗು ಬದುಕಿದ್ದೇ ಹೆಚ್ಚು ಎನ್ನುವ ಹಾಗಾಗಿತ್ತಂತೆ. ರತ್ನ ಲೋಟದಲ್ಲಿ ತೇಲುತ್ತಿದ್ದ ಗಸಿಯನ್ನು ನೋಡಿದಳು, ಗಿರಿಜಕ್ಕನನ್ನು ನೋಡಿದಳು. ಬೈಯಲಿಲ್ಲ. ಕಟ್ಟೆಯ ಮೇಲಿಟ್ಟಿದ್ದ ತನ್ನ ಖಾಲಿ ಕೊಡಪಾನವನ್ನು ಎತ್ತಿಕೊಂಡು ಮಳೆಯಲ್ಲೇ ಮನೆಗೆ ಹೋದಳು.

ಮರುದಿನ ಬೆಳಿಗ್ಗೆ ನನ್ನನ್ನು ರಾಟೆ ಎಬ್ಬಿಸಲಿಲ್ಲ. ಕೇರಿಯ ಒಂದೊಂದೇ ಮನೆಯ ಗೋಡೆಗೆ ಆ ಕಂಪನಿಯ ಯಂತ್ರ ಏರಿತು. ಕೊಳ್ಳಲಾಗದವರು ದೂರದ ಪಂಚಾಯ್ತಿ ನಲ್ಲಿಗೆ ಹೋಗತೊಡಗಿದರು, ಗಿರಿಜಕ್ಕನ ಅಂಗಳದ ಮುಂದಿನಿಂದಲೇ, ಮುಖ ಆಚೆ ತಿರುಗಿಸಿಕೊಂಡು. ಗಿರಿಜಕ್ಕ ಬುಟ್ಟಿ ಹೊತ್ತು ಹೋಗುವುದನ್ನೇ ಕಡಿಮೆ ಮಾಡಿದರು. ಒಂದು ಸಂಜೆ ನನ್ನ ಬಾಗಿಲಿಗೆ ಬಂದು ನಿಂತು, "ಟೀಚರ್ರೆ, ನೀವ್ ಓದ್ದವ್ರ್. ಹೇಳಿ, ರತ್ನನ ಮಗ್ಳಿಗೆ ನಾನೇ ವಿಷ ಕುಡ್ಸಿದ್ದಾ?" ಎಂದರು. ನಾನು ಬಾಯಿ ತೆರೆಯುವ ಮೊದಲೇ, "ಮಳಿ ನಿಂತ ಕೂಡ್ಲೆ ಮರಳ್ ಹಾಕಿ ಮುಚ್ಚೂದೇ. ಇನ್ನ್ ಆ ಬಾವಿ ನಂಗ್ ಬ್ಯಾಡ" ಎಂದು ಅವರೇ ಮಾತು ಮುಗಿಸಿದರು. ಸುಮ್ಮನೆ ಹೇಳಿದ್ದಲ್ಲ. ಮರಳಿನ ಲೋಡಿಗೆ ಆಗಲೇ ಹೇಳಿ ಇಟ್ಟಿದ್ದರು.

ಶೀನಣ್ಣ ಜಗಲಿಯಿಂದ ಇದನ್ನೆಲ್ಲ ಕೇಳಿಸಿಕೊಂಡಿದ್ದರು. ಮಾರನೆಯ ಬೆಳಿಗ್ಗೆ, ಬಾವಿ ತುಂಬಿ ತುಳುಕುವಾಗ, ಸೊಂಟಕ್ಕೊಂದು ಹಗ್ಗ ಕಟ್ಟಿಕೊಂಡು, ಕೈಯಲ್ಲೊಂದು ಹಗ್ಗ ಹಿಡಿದು ಬಾವಿಗೆ ಇಳಿದು ಮುಳುಗಿದರು. ನಾನು ಕಟ್ಟೆಯ ಬಳಿ ನಿಂತು ನೋಡುತ್ತಿದ್ದೆ. ನೀರು ಮುಚ್ಚಿಕೊಂಡಿತು, ಮಳೆಯ ಹನಿಗಳು ಅದರ ಮೇಲೆ ಕುಣಿಯುತ್ತಲೇ ಇದ್ದವು. ಕೊನೆಗೆ ಎದ್ದು ಬಂದವರ ಕೈಯ ಹಗ್ಗದ ತುದಿಯಲ್ಲಿ ಒಂದು ನೆಲ್ಲಿ ಹಲಗೆ. ಇದ್ದಿಲಿನಷ್ಟು ಕಪ್ಪು. ಅಂಗಳದಲ್ಲಿಟ್ಟು ಕತ್ತಿಯಿಂದ ಬಲವಾಗಿ ಕಡಿದರು, ಕತ್ತಿ ಠಣ್ಣೆಂದು ಹಿಂದಕ್ಕೆ ಹಾರಿತು. "ಕಾಣಿ, ಎಲ್ಲಿತ್ತ್ ಕೊಳ್ತದ್ದ್?" ಎಂದು ಓಣಿಗೆ ಕೇಳುವಂತೆ ಕೂಗಿದರು. ಓಣಿಯಲ್ಲಿ ಯಾರೂ ನಿಲ್ಲಲಿಲ್ಲ. ಕಣ್ಣಾರೆ ಕಂಡ ಲೋಟದ ಮುಂದೆ ಒಂದು ಹಲಗೆಯ ಮಾತು ಯಾರು ಕೇಳುತ್ತಾರೆ? ಆ ಹಲಗೆ ಮಳೆಗಾಲ ಪೂರ್ತಿ ಗೋಡೆಗೆ ಒರಗಿಕೊಂಡು, ತಪ್ಪು ಮಾಡದೆ ಕ್ಲಾಸಿನ ಹೊರಗೆ ನಿಂತ ಹುಡುಗಿಯ ಹಾಗೆ ನಿಂತಿತ್ತು.

ನಮ್ಮ ಶಾಲೆಯಲ್ಲಿ ಗ್ರಾಹಕರ ಕ್ಲಬ್ ಎಂದು ಒಂದಿತ್ತು. ಬೇರೆ ಯಾರಿಗೂ ಬೇಡವಾದ ಜವಾಬ್ದಾರಿಗಳು ಹೊಸಬರ ತಲೆಗೆ ಬರುವುದು ವಾಡಿಕೆಯಾದ್ದರಿಂದ ಅದು ನನ್ನ ಪಾಲಿಗೆ ಬಂದಿತ್ತು. ವರ್ಷಕ್ಕೊಂದು ಕಾರ್ಯಕ್ರಮ, ಒಬ್ಬ ಅತಿಥಿ, ಒಂದು ಹಾರ, ಒಂದು ಫೋಟೋ. ಆ ಸಲದ ಅತಿಥಿ ತಾಲ್ಲೂಕಿನ ಆಹಾರ ನಿರೀಕ್ಷಕಿ ಶೈಲಜಾ ಮೇಡಂ. ಬ್ರಹ್ಮಾವರದವರು. ಕುಳ್ಳಗಿನ ದೇಹ, ಶೀತದಿಂದ ಕಟ್ಟಿದ ಗಂಟಲು, ಮುರಿದ ಕಡ್ಡಿಯ ಛತ್ರಿ. ಭಾಷಣ ಎಷ್ಟು ಸಪ್ಪೆಯಾಗಿತ್ತೆಂದರೆ ಮಕ್ಕಳಲ್ಲ, ನಾವು ಟೀಚರುಗಳೇ ತೂಕಡಿಸಿದೆವು. ಆಮೇಲೆ ಸ್ಟಾಫ್ ರೂಮಿನಲ್ಲಿ ಚಹಾ ಕುಡಿಯುವಾಗ ಮಾತಿಗೆ ಮಾತು ಬಂದು ನಾನು ಬಾವಿಯ ಕತೆ ಹೇಳಿದೆ. ಅವರು ಚಹಾ ಕೆಳಗಿಟ್ಟರು.

"ಆ ಆಟೋ ಕುಂದಾಪುರಕ್ಕೂ ಬಂದಿತ್ತು. ಬ್ರಹ್ಮಾವರದಲ್ಲಿ ನನ್ನ ತಾಯಿಮನೆಯ ಓಣಿಗೂ ಬಂದಿತ್ತು" ಎಂದರು. "ಒಬ್ಬರಾದರೂ ದೂರು ಕೊಡಲಿಲ್ಲ. ಎಲ್ಲರೂ ಅವರವರ ಬಾವಿಯನ್ನೇ ಬೈದುಕೊಂಡು ಸುಮ್ಮನಾದರು. ನಿಮ್ಮ ಗಿರಿಜಕ್ಕ ದೂರು ಕೊಡ್ತಾರಾ?"

ಗಿರಿಜಕ್ಕನನ್ನು ಒಪ್ಪಿಸುವಷ್ಟರಲ್ಲಿ ನನಗೆ ಸಾಕುಸಾಕಾಯಿತು. "ಸರ್ಕಾರಕ್ಕೆ ನಮ್ ಬಾವಿ ಎಂತಕ್ಕೆ ಟೀಚರ್ರೆ? ಅವ್ರಿಗೆ ಬೇರೆ ಕೆಲ್ಸ ಇಲ್ಯಾ?" ಎಂದು ಅವರದ್ದು ಒಂದೇ ಮಾತು. ಕೊನೆಗೆ ಶೀನಣ್ಣ ಬಲೆಯಿಂದ ಮುಖ ಎತ್ತದೆ, "ಕೊಡು" ಎಂದರು. ನಾನು ಬರೆದೆ, ಗಿರಿಜಕ್ಕ ಸಹಿ ಹಾಕಿದರು. ಆಮೇಲೆ ಶ್ರಾವಣ ಬಂತು, ಬಂಗುಡೆ ಮೀನು ಬಂತು, ಸರ್ಕಾರ ಬರಲಿಲ್ಲ. ಗಿರಿಜಕ್ಕ ನನ್ನನ್ನು ನೋಡಿ ಹುಬ್ಬು ಹಾರಿಸುವುದು ಅಭ್ಯಾಸವಾಯಿತು. ಆ ತನಕ ನನಗೆ ಗೊತ್ತಿದ್ದ ಸರ್ಕಾರವೆಂದರೂ ಒಂದು ಕಿಟಕಿ, ಅದರ ಆಚೆ ಒಂದು ಖಾಲಿ ಕುರ್ಚಿ, ನಾಳೆ ಬನ್ನಿ ಎಂಬ ಮಾತು.

ಆದರೆ ಅದು ಬಂತು. ಧೋ ಎಂದು ಸುರಿಯುವ ಒಂದು ಮಧ್ಯಾಹ್ನ ಓಣಿಯಲ್ಲಿ ಕೆಸರು ಹಾರಿಸುತ್ತ ಜೀಪು ಬಂದು ನಿಂತಿತು. ಜಿಲ್ಲಾಧಿಕಾರಿಗಳ ಆದೇಶ ಹಿಡಿದುಕೊಂಡು ಶೈಲಜಾ ಮೇಡಂ ಇಳಿದರು, ಜೊತೆಗೆ ಬರೆದುಕೊಳ್ಳಲು ಒಬ್ಬರು ಗುಮಾಸ್ತರು. ಕಂಪನಿಯ ಕುಂದಾಪುರದ ಮ್ಯಾನೇಜರನ್ನೂ ಟೈ ಕಟ್ಟಿದ ಆ ಯುವಕನನ್ನೂ ಅದೇ ಯಂತ್ರದೊಂದಿಗೆ ಬರಹೇಳಿದ್ದರು, ಅವರೂ ಬಂದರು. ಕೇರಿಗೆ ಕೇರಿಯೇ ಛತ್ರಿ ಹಿಡಿದು ಅಂಗಳದಲ್ಲಿ ನೆರೆಯಿತು. ರತ್ನ ತನ್ನ ಮನೆಯ ಬೇಲಿಯ ಹತ್ತಿರವೇ ನಿಂತಿದ್ದಳು. ಇನ್ನೇನು ಪ್ಲಗ್ ಹಾಕಬೇಕು, ಕರೆಂಟು ಹೋಯಿತು.

ನಮ್ಮ ಮಳೆಗಾಲದ ಕರೆಂಟು ಹೋದರೆ ಯಾವಾಗ ಬರುತ್ತದೆಂದು ದೇವರಿಗೂ ಗೊತ್ತಿಲ್ಲ. ಮ್ಯಾನೇಜರ್ ಗಡಿಯಾರ ನೋಡಿ, "ಇನ್ನೊಂದು ದಿನ ಇಟ್ಟುಕೊಳ್ಳೋಣ ಮೇಡಂ" ಎಂದ. "ಪರವಾಗಿಲ್ಲ, ಕಾಯ್ತೇನೆ" ಎಂದು ಅವರು ಆ ಮುರಿದ ಛತ್ರಿ ಬಿಡಿಸಿ ಬಾವಿಕಟ್ಟೆಯ ಮೇಲೆಯೇ ಕೂತರು. ಮನೆಗೆ ಬಂದವರು ಕೂತ ಮೇಲೆ ಗಿರಿಜಕ್ಕನಿಗೆ ಸುಮ್ಮನಿರಲು ಬರುವುದಿಲ್ಲ. ಅಷ್ಟು ದಿನ ಯಾರಿಗೂ ಕೊಡದಿದ್ದ ಬೆಲ್ಲ ನೀರನ್ನು ತಟ್ಟೆಯಲ್ಲಿಟ್ಟು ತಂದರು. ಬಂದವರ ಬಾಯಾರಿಕೆಗೆ ಕೊಡುವುದಕ್ಕೆ ಇಲ್ಲಿ ಆಸ್ರಿ ಎನ್ನುತ್ತಾರೆ. "ಆಸ್ರಿ ಕುಡಿನಿ ಅಮ್ಮಾ" ಎಂದರು.

ಶೈಲಜಾ ಮೇಡಂ ಎದ್ದು ನಿಂತರು. "ಈಗ ಬೇಡ ಗಿರಿಜಕ್ಕ. ತನಿಖೆಗೆ ಬಂದ ಮನೆಯಲ್ಲಿ ನಾನು ಒಂದು ಹನಿ ನೀರನ್ನೂ ಮುಟ್ಟುವ ಹಾಗಿಲ್ಲ. ಬೇಸರ ಮಾಡ್ಕೊಬೇಡಿ."

ಸರಿಯಾದ ಮಾತೇ. ಆದರೆ ಅಲ್ಲಿ ಅದು ಹಾಗೆ ಕೇಳಿಸಲಿಲ್ಲ. ಛತ್ರಿಗಳ ನಡುವಿನಿಂದ ಯಾರೋ, "ಕಾಣಿ, ಅವ್ರೂ ಕುಡುದಿಲ್ಲ" ಎಂದರು. ಗಿರಿಜಕ್ಕ ತಟ್ಟೆ ಹಿಡಿದು ಒಳಗೆ ಹೋದ ರೀತಿ ನನಗೆ ಇವತ್ತಿಗೂ ಕಣ್ಣಿಗೆ ಕಟ್ಟಿದ ಹಾಗಿದೆ. ಏನೇ ಪರೀಕ್ಷೆಯಾದರೂ ಅವರ ಮಟ್ಟಿಗೆ ತೀರ್ಪು ಬಂದಾಗಿತ್ತು.

ಕರೆಂಟು ಬಂತು. ಬಾವಿಯ ನೀರಿಗೆ ಕಡ್ಡಿ ಇಳಿಸಿದರು, ಮೊದಲಿನಂತೆಯೇ ಗಸಿ ಎದ್ದಿತು. ಕಂಪನಿಯ ನೀರಿಗೆ ಇಳಿಸಿದರು, ತಿಳಿಯಾಗಿ ಉಳಿಯಿತು. ಜನ ಉಸ್ಸೆಂದರು, ಮ್ಯಾನೇಜರ್ ಮುಗುಳ್ನಕ್ಕ.

"ಗಿರಿಜಕ್ಕ, ಒಂಚೂರ್ ಉಪ್ಪ್ ತನ್ನಿ ಕಾಂಬ" ಎಂದರು ಶೈಲಜಾ ಮೇಡಂ. ಅಷ್ಟು ಹೊತ್ತು ಕಚೇರಿಯ ಕನ್ನಡ ಆಡುತ್ತಿದ್ದವರು ಊರಿನ ಮಾತಿಗೆ ಇಳಿದದ್ದು ನೋಡಿ ಎಲ್ಲರೂ ಕತ್ತು ಎತ್ತಿದರು. ಗಿರಿಜಕ್ಕ ಅಡುಗೆಮನೆಯಿಂದ ಉಪ್ಪು ತಂದರು. ಮೇಡಂ ಒಂದು ಚಿಟಿಕೆಯನ್ನು ಕಂಪನಿಯ ಶುದ್ಧ ನೀರಿಗೇ ಹಾಕಿ ಕಲಕಿ, ಕಡ್ಡಿ ಇಳಿಸಿ, ಮತ್ತೆ ಸ್ವಿಚ್ ಹಾಕಿಸಿದರು.

ಆ ನೀರು ಹಳದಿಯಾಯಿತು. ಕಂದಾಯಿತು. ಗಸಿ ಎದ್ದಿತು. ನಮ್ಮ ಬಾವಿಯದಕ್ಕಿಂತ ದಪ್ಪಗೆ, ನಮ್ಮ ಬಾವಿಯದಕ್ಕಿಂತ ಬೇಗ.

"ಉಪ್ಪು ಹಾಕಿದರೆ ಅದು ಬೇರೆ ಮೇಡಂ" ಎಂದು ಮ್ಯಾನೇಜರ್ ತಡವರಿಸಿದ. "ಉಪ್ಪು ವಿಷವಾ? ಹಾಗಾದರೆ ನೀವು ಮಧ್ಯಾಹ್ನ ಊಟ ಮಾಡಿ ಬಂದಿರೋ, ಇಲ್ಲವೋ?" ಎಂದರು ಮೇಡಂ. ಯಾರೋ ಕಿಸಕ್ಕೆಂದು ನಕ್ಕರು. ಅವರು ಕಡ್ಡಿಗಳನ್ನು ಮೇಲೆತ್ತಿ, ತಮ್ಮ ಬಿಳಿ ಕರವಸ್ತ್ರದಿಂದ ಒರೆಸಿ, ಅದನ್ನು ಬಿಡಿಸಿ ಎಲ್ಲರಿಗೂ ತೋರಿಸಿದರು. ಬಟ್ಟೆಯ ತುಂಬ ತುಕ್ಕು. "ಕಬ್ಬಿಣದ ಕಡ್ಡಿಗೆ ಕರೆಂಟು ಕೊಟ್ಟರೆ ಕಬ್ಬಿಣವೇ ಕರಗಿ ನೀರಿಗೆ ಬಿಡ್ತದೆ. ನೀರಿನಲ್ಲಿ ಲವಣ ಇದ್ದರೆ ಕರೆಂಟು ಹರೀತದೆ. ಭೂಮಿಯಿಂದ ಬಂದ ಎಲ್ಲ ನೀರಿನಲ್ಲೂ ಲವಣ ಇರ್ತದೆ. ಈ ಕೊಳೆ ಬಾವಿಯದ್ದಲ್ಲ, ಈ ಕಡ್ಡಿಯದ್ದು" ಎಂದರು. ಗೋಡೆಗೆ ಒರಗಿದ ಹಲಗೆಯತ್ತ ತಿರುಗಿ, "ಪಾಪ, ನೆಲ್ಲಿ ಎಂತ ಮಾಡಿತ್?" ಎಂದರು. ಶೀನಣ್ಣ ಹೆಗಲ ಮೇಲಿನ ಬಟ್ಟೆಯಿಂದ ಮುಖ ಒರೆಸಿಕೊಂಡರು, ಮಳೆಯ ನೀರು ಅಂದುಕೊಂಡೆವು.

ಟೈ ಕಟ್ಟಿದ ಯುವಕ ಆ ಕರವಸ್ತ್ರವನ್ನೇ ನೋಡುತ್ತಿದ್ದ. "ನಂಗೂ ಗೊತ್ತಿರ್ಲಿಲ್ಲ ಮೇಡಂ. ನಮ್ಮನಿ ಬಾವಿ ನೀರನ್ನೂ ಈ ಮಿಷಿನಂಗೇ ಕಂಡ್ ಕುಡುದನ್ನೇ ಬಿಟ್ಬಿಟ್ಟೆ" ಎಂದ. ಮ್ಯಾನೇಜರ್ ಅವನನ್ನು ದುರುಗುಟ್ಟಿ ನೋಡಿದ. ಗುಮಾಸ್ತರು ಅದನ್ನೂ ಬರೆದುಕೊಂಡರು.

ಆ ಕಡ್ಡಿ ಯಂತ್ರವನ್ನು ಬಟ್ಟೆಯಲ್ಲಿ ಸುತ್ತಿ ಅರಗಿನಿಂದ ಮೊಹರು ಮಾಡಬೇಕಿತ್ತು. ಒದ್ದೆ ಬೆಂಕಿಪೆಟ್ಟಿಗೆ ಹತ್ತಲೊಲ್ಲದು. ಒಬ್ಬರು ಛತ್ರಿ ಹಿಡಿದು, ಇನ್ನೊಬ್ಬರು ಗಾಳಿಗೆ ಅಡ್ಡ ನಿಂತು, ಕೊನೆಗೆ ಗಿರಿಜಕ್ಕನ ಒಲೆಯಿಂದ ಕೆಂಡ ತಂದು ಅರಗು ಕರಗಿಸಿದರು. ಬಾವಿಯ ನೀರನ್ನು ಪ್ರಯೋಗಾಲಯದ ಬಾಟಲಿಯಲ್ಲಿ ತುಂಬಿಕೊಂಡರು. ಹೊರಡುವ ಮೊದಲು ಮೇಡಂ, "ಗಿರಿಜಕ್ಕ, ಈ ಬಾವಿ ಈಗ ಕೇಸಿನ ಸಾಕ್ಷಿ. ಕೇಸು ಮುಗಿಯುವ ತನಕ ಇದಕ್ಕೆ ಒಂದು ಬುಟ್ಟಿ ಮರಳೂ ಬೀಳುವ ಹಾಗಿಲ್ಲ" ಎಂದರು. ಸಾಕ್ಷಿ ಹೇಳಲು ಮನುಷ್ಯರನ್ನು ಕರೆಯುವುದು ಗೊತ್ತಿತ್ತು. ಬಾಯಿಲ್ಲದ ಒಂದು ಬಾವಿಯ ಪರವಾಗಿ ಇಷ್ಟು ದೊಡ್ಡ ದೇಶದ ಕಾನೂನು ಕೆಸರಿನಲ್ಲಿ ನಡೆದುಬಂದು, ಕರೆಂಟಿಗೆ ಕಾದು ಕೂತು, ಕರವಸ್ತ್ರ ಕೊಳೆ ಮಾಡಿಕೊಂಡದ್ದನ್ನು ನಾನು ಕಣ್ಣಾರೆ ಕಂಡಿದ್ದೆ. ಅವತ್ತಿನಿಂದ ಪೌರನೀತಿಯ ಪಾಠ ಮಾಡುವವರನ್ನು ಕಂಡರೆ ನನಗೆ ಸಣ್ಣ ಹೊಟ್ಟೆಕಿಚ್ಚು.

ಮರುದಿನ ಬೆಳಿಗ್ಗೆ ನಾನು ಕಿವಿಗೊಟ್ಟು ಮಲಗಿದ್ದೆ. ರಾಟೆ ಸದ್ದು ಮಾಡಲಿಲ್ಲ. "ಎಲ್ಲ ಸಮಾ ಟೀಚರ್ರೆ" ಎಂದರು ಗಿರಿಜಕ್ಕ, "ಆರೆ ಮೇಡಂ ನೀರ್ ಕುಡಿಲಿಲ್ಲ ಅಲ್ದಾ?"

ಪ್ರಯೋಗಾಲಯದ ವರದಿ ಬಂತು. ನೀರು ಕುಡಿಯಲು ಯೋಗ್ಯ, ಮಳೆಗಾಲದಲ್ಲಿ ಎಲ್ಲ ಬಾವಿಗಳ ನೀರಿನಂತೆ ಇದನ್ನೂ ಕುದಿಸಿ ಕುಡಿದರೆ ಒಳ್ಳೆಯದು ಎಂದಿತ್ತು. ನಾನು ಜಗಲಿಯಲ್ಲಿ ಗಟ್ಟಿಯಾಗಿ ಓದಿದೆ. ಗಿರಿಜಕ್ಕ ತಲೆಯಾಡಿಸಿ ಮೀನು ಕೊಯ್ಯುವುದನ್ನು ಮುಂದುವರಿಸಿದರು. ಉಡುಪಿಯ ಗ್ರಾಹಕರ ಆಯೋಗದಲ್ಲಿ ಕೇಸು ನಡೆಯಿತು. ನನ್ನನ್ನು ಬೆರಗುಗೊಳಿಸಿದ್ದೆಂದರೆ ದೂರುದಾರರ ಜಾಗದಲ್ಲಿ ಸರ್ಕಾರವೇ ನಿಂತದ್ದು. ಗಿರಿಜಕ್ಕ ಒಮ್ಮೆ ಮಾತ್ರ ಹೇಳಿಕೆ ಕೊಡಲು ಹೋಗಬೇಕಾಯಿತು, ಜೊತೆಗೆ ನಾನೂ ಹೋದೆ. ಮದುವೆಯ ಸೀರೆ ಉಟ್ಟು, ಮುಡಿತುಂಬ ಅಬ್ಬಲಿಗೆ ಹೂ ಮುಡಿದು ಬಂದಿದ್ದರು. ನಿಮಗೆ ಏನ್ ಪರಿಹಾರ ಬೇಕಮ್ಮ ಎಂದು ಆಯೋಗದ ಅಧ್ಯಕ್ಷರು ಕೇಳಿದರು.

"ನಂಗೆಂತ ಬ್ಯಾಡ ಸ್ವಾಮಿ. ನಾನ್ ಮಿಷಿನ್ ತಕಣ್ಲೂ ಇಲ್ಲ" ಎಂದರು ಗಿರಿಜಕ್ಕ. "ಅವ್ರ್ ಮೈಕಂಗೆ ಹೇಳ್ಕಂಡ್ ಬಂದಿರ್. ಅದೇ ಆಟೋದಂಗೆ, ಅದೇ ಓಣಿಯಂಗೆ ಬಂದ್, ಅದೇ ಮೈಕಂಗೆ ಸುಳ್ಳ್ ಅಂದ್ ಹೇಳ್ಕ್. ಅಷ್ಟೇ ಸಾಕ್."

ಅಧ್ಯಕ್ಷರು ಅದನ್ನು ಹಾಗೆಯೇ ಬರೆದುಕೊಂಡರು. ಕಂಪನಿಯವರು ತಾವು ಹಬ್ಬಿಸಿದ ಸುಳ್ಳನ್ನು ತಮ್ಮದೇ ಖರ್ಚಿನಲ್ಲಿ ತಿದ್ದಿ ಸಾರಬೇಕೆಂದು ಆದೇಶಿಸಲು ಕಾನೂನಿನಲ್ಲಿ ಅವಕಾಶವಿತ್ತಂತೆ. ಗಿರಿಜಕ್ಕನಿಗೆ ಅದು ಗೊತ್ತಿರಲಿಲ್ಲ, ನನಗೂ ಗೊತ್ತಿರಲಿಲ್ಲ.

ಶಾಲೆಯ ಪರೀಕ್ಷೆಗಳು ಮುಗಿಯುವ ಹೊತ್ತಿಗೆ, ಸೆಖೆಗೆ ಮೈಯೆಲ್ಲ ಅಂಟಂಟಾಗುವ ಒಂದು ದಿನ, ಆ ಆಟೋ ಮತ್ತೆ ಬಂತು. "ಸಾರ್ವಜನಿಕರ ಗಮನಕ್ಕೆ. ನಾವು ನಿಮ್ಮ ಮನೆಗಳಲ್ಲಿ ತೋರಿಸಿದ ನೀರಿನ ಪರೀಕ್ಷೆ ಜನರನ್ನು ದಾರಿತಪ್ಪಿಸುವಂಥದ್ದು. ಲೋಟದಲ್ಲಿ ಕಂಡ ಕೊಳೆ ಬಾವಿಯದ್ದಲ್ಲ. ಗ್ರಾಹಕರ ಆಯೋಗದ ಆದೇಶದಂತೆ ಇದನ್ನು ತಿಳಿಸುತ್ತಿದ್ದೇವೆ." ಧ್ವನಿ ಅದೇ ಯುವಕನದ್ದು. ಈ ಸಲ ಟೈ ಇರಲಿಲ್ಲ. ಕುಂದಾಪುರದಿಂದ ಬೈಂದೂರಿನ ತನಕ, ಬ್ರಹ್ಮಾವರದ ಓಣಿಗಳಲ್ಲೂ ಹೀಗೇ ಸಾರಬೇಕೆಂದು ಆದೇಶವಾಗಿತ್ತಂತೆ. ಜನ ಬಾಗಿಲಿಗೆ ಬಂದು ನಿಂತು ಕೇಳಿದರು. ಸುಳ್ಳು ಹೇಳಿದವರೇ ಬಂದು ಹೌದು ಸುಳ್ಳು ಎಂದು ಕೂಗಿ ಹೇಳುವುದನ್ನು ಆ ಓಣಿ ಯಾವ ಕಾಲದಲ್ಲೂ ಕೇಳಿರಲಿಕ್ಕಿಲ್ಲ. ಶೀನಣ್ಣ ಗೋಡೆಗೆ ಒರಗಿದ್ದ ಹಲಗೆಯನ್ನು ಹೆಗಲಿಗೇರಿಸಿ, ನೀರು ಇಳಿದಿದ್ದ ಬಾವಿಗಿಳಿದು, ಅದರ ಜಾಗದಲ್ಲಿ ಮತ್ತೆ ಹಾಸಿ ಬಂದರು.

ಆದರೂ ರಾಟೆ ತಿರುಗಲಿಲ್ಲ. ಕಾನೂನು ಸುಳ್ಳನ್ನು ಹಿಂದಕ್ಕೆ ಕರೆಸಿತ್ತು, ಜನರನ್ನು ಬಾವಿಗೆ ಕರೆಸುವ ಕಲಂ ಅದರಲ್ಲಿರಲಿಲ್ಲ. ಇಷ್ಟು ದಿನ ಮುಖ ತಿರುಗಿಸಿ ಹೋದವರಿಗೆ ಈಗ ಕೊಡಪಾನ ಹಿಡಿದು ಬರಲು ನಾಚಿಕೆಯೂ ಇದ್ದಿರಬೇಕು. ಕೇಸು ಮುಗಿದಿದೆ, ಸಾಕ್ಷಿಯ ಕೆಲಸವೂ ಮುಗಿದಿದೆ, ಇನ್ನು ಮರಳಿನ ಲೋಡಿಗೆ ಹೇಳಬಹುದಲ್ಲ ಎಂದರು ಗಿರಿಜಕ್ಕ. ನನಗೆ ಅಳುವೇ ಬಂತು.

ಆ ಭಾನುವಾರ ಓಣಿಯ ತುದಿಯಲ್ಲಿ ಒಬ್ಬ ಹೆಂಗಸು ಬಿಸಿಲಿನಲ್ಲಿ ನಡೆದು ಬರುತ್ತಿರುವುದು ಕಂಡಿತು. ಜೀಪು ಇರಲಿಲ್ಲ, ಗುಮಾಸ್ತರಿರಲಿಲ್ಲ. ಮನೆಯಲ್ಲಿ ಉಡುವ ಹತ್ತಿ ಸೀರೆ, ಕೈಯಲ್ಲಿ ಅದೇ ಮುರಿದ ಛತ್ರಿ. ಹೆದ್ದಾರಿಯಲ್ಲಿ ಬಸ್ಸಿಳಿದು ನಡೆದು ಬಂದ ಶೈಲಜಾ ಮೇಡಂ ಅಂಗಳದ ನಟ್ಟನಡುವೆ ನಿಂತು, ಇಡೀ ಕೇರಿಗೆ ಕೇಳುವಂತೆ, "ಹ್ವಾಯ್ ಗಿರಿಜಕ್ಕ, ಎಂತ ಸೆಖಿ ಮಾರಾಯ್ರೆ! ಕುಡುಕೆ ನೀರ್ ಕೊಡ್ತ್ರ್ಯಾ?" ಎಂದರು.

ಗಿರಿಜಕ್ಕ ಒಳಗಿನಿಂದ ಓಡಿ ಬಂದವರು ಬಾಗಿಲಲ್ಲೇ ನಿಂತುಬಿಟ್ಟರು. ಆಮೇಲೆ ಬಾವಿಗೆ ಕೊಡಪಾನ ಇಳಿಸಿದರು. ಬಹಳ ದಿನದ ಮೇಲೆ ರಾಟೆ ಕಿರ್ರೆಂದಿತು. ಮೇಡಂ ಬೆಲ್ಲ ಬಾಯಿಗೆ ಹಾಕಿಕೊಂಡು, ಕಟ್ಟೆಯ ಮೇಲೆ ಕೂತು, ತಲೆ ಎತ್ತಿ ಗಟಗಟನೆ ಕುಡಿದರು. ಲೋಟ ಖಾಲಿ ಮಾಡಿ ಮುಂದೆ ಹಿಡಿದು, "ಇನ್ನೊಂದ್ ಹಾಕಿ" ಎಂದರು. ಅದನ್ನೂ ಕುಡಿದರು. ಕೆಲಸದ ಮೇಲೆ ಬಂದಾಗ ಮುಟ್ಟದ ನೀರನ್ನು ರಜೆಯ ದಿನ ತಮ್ಮ ಕಾಸಿನಲ್ಲಿ ಬಸ್ಸು ಹತ್ತಿ ಬಂದು ಕುಡಿದ ಆ ಹೆಂಗಸಿನ ಮುಂದೆ ನನಗೆ ಕೈಮುಗಿಯಬೇಕೆನಿಸಿತು. ಮುಗಿದೆ ಕೂಡ. ಅವರು ನಕ್ಕು, ಮೀನು ಏನಾದರೂ ಉಂಟಾ ಎಂದು ಗಿರಿಜಕ್ಕನನ್ನು ಕೇಳಿ, ಕಾಸು ಕೊಟ್ಟು ಬಂಗುಡೆ ಕಟ್ಟಿಸಿಕೊಂಡು ಹೊರಟರು.

ಮರುದಿನ ಬೆಳಿಗ್ಗೆ ನನಗೆ ಎಚ್ಚರವಾದದ್ದು ಬೈಗುಳಕ್ಕೆ. ಕಿಟಕಿ ತೆರೆದರೆ ಬಾವಿಕಟ್ಟೆಯಲ್ಲಿ ರತ್ನ, ಸೊಂಟದಲ್ಲಿ ಕೊಡಪಾನ, ಪಕ್ಕದಲ್ಲಿ ಪುಟ್ಟ ಮಗಳು.

"ಎಂತ ಗಿರಿಜಕ್ಕ ಇದ್! ಈ ಹಗ್ಗ ಇನ್ನೂ ಬದ್ಲ್ ಮಾಡ್ಲಿಲ್ಯಾ? ಕೈಯೆಲ್ಲ ಚುಚ್ಚತ್ತ್!"

"ನೀ ಎಳ್ದ್ ಎಳ್ದೇ ಹಾಳ್ ಮಾಡದ್ದಲ್ದಾ ಹೆಣೆ!" ಎಂದು ಗಿರಿಜಕ್ಕ ಅಡುಗೆಮನೆಯಿಂದ ಕೂಗಿದರು. ಹೊರಗೆ ಬರಲಿಲ್ಲ. ನಾನು ಅವರ ಮನೆಯೊಳಗೆ ಹೋಗಿ ನೋಡಿದರೆ ಒಲೆಯ ಮುಂದೆ ಕೂತು ಸೆರಗಿನಲ್ಲಿ ಮುಖ ಮುಚ್ಚಿಕೊಂಡಿದ್ದರು. ಹೊರಗೆ ರಾಟೆ ತಿರುಗುತ್ತಲೇ ಇತ್ತು.